ದಕ್ಷಿಣೋತ್ತರ ಸಂಗೀತಮಾರ್ಗಗಳು: ನಾದಭೇದ ಮತ್ತು ರಸಭೇದ

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವು ಕಾವ್ಯರಚನೆಯಲ್ಲಿ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂಬ ಎರಡು ಮಾರ್ಗಗಳನ್ನು ಗುರುತಿಸಿ, ಅವುಗಳ ಗುಣಭೇದವನ್ನು ಉದಾಹರಣೆಗಳ ಮೂಲಕ ವಿವರಿಸುತ್ತದೆ. ಒಂಬತ್ತನೆಯ ಶತಮಾನದಲ್ಲಿ ಕಾವ್ಯವನ್ನು ಕುರಿತು ನಡೆದ ಈ ವಿವೇಚನೆಯ ಕ್ರಮವು ಸಂಗೀತವನ್ನು ಕುರಿತು ಆಲೋಚಿಸುವವರಿಗೂ ಇಂದು ದಾರಿ ತೋರಬಲ್ಲುದು. ಏಕೆಂದರೆ ಭರತಖಂಡದ ಎರಡು ಶಾಸ್ತ್ರೀಯ ಸಂಗೀತಪದ್ಧತಿಗಳು, ಕರ್ನಾಟಕ ಮತ್ತು ಹಿಂದೂಸ್ಥಾನೀ, ಎರಡೂ ಮನೆಮಾತಿನಂತೆ ಬೇರೂರಿರುವ ನಾಡು ನಮ್ಮದು. ಮೈಸೂರು, ಬೆಂಗಳೂರು, ತುಮಕೂರುಗಳ ಕಡೆ ಒಂದು. ಧಾರವಾಡ, ಗದಗ, ಕಲಬುರಗಿಗಳ ಕಡೆ ಇನ್ನೊಂದು. ನಡುವೆ ಗೋಡೆಯೇನೂ ಇಲ್ಲ.

ಈ ಎರಡರ ಅಂತರವನ್ನು ಕುರಿತು ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: ‘ಕರ್ನಾಟಕ ಸಂಗೀತ ಬುದ್ಧಿಗೆ, ಹಿಂದೂಸ್ಥಾನೀ ಸಂಗೀತ ಹೃದಯಕ್ಕೆ.’ ಹೇಳಲು ಸುಲಭ, ಕೇಳಲು ಹಿತ. ಆದರೆ ವಿಚಾರಕ್ಕೆ ನಿಲ್ಲುವುದಿಲ್ಲ. ತ್ಯಾಗರಾಜರ ಕೃತಿಯನ್ನು ಕೇಳಿ ಕಣ್ಣು ತೇವಗೊಂಡವರಿದ್ದಾರೆ. ವಿಲಂಬಿತ ಖ್ಯಾಲಿನ ಲಯದ ಲೆಕ್ಕವನ್ನು ಹಿಡಿಯಲು ಹೊರಟು ಬುದ್ಧಿ ಬಳಲಿದವರೂ ಇದ್ದಾರೆ. ಎರಡಕ್ಕೂ ಬುದ್ಧಿ ಬೇಕು, ಎರಡರಿಂದಲೂ ಹೃದಯ ಕರಗುತ್ತದೆ. ಕರಗುವ ಬಗೆ ಮಾತ್ರ ಬೇರೆ. ಆ ಬಗೆ ಯಾವುದು, ಅದಕ್ಕೆ ಕಾರಣವೇನು, ಅದನ್ನು ತಿಳಿಯುವುದರಿಂದ ನಮ್ಮಂಥ ಒಂದು ವಿದ್ಯಾಸಂಸ್ಥೆಗೆ ಆಗಬೇಕಾದುದೇನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಯಥಾಮತಿ ಪರಿಶೀಲಿಸಲಾಗಿದೆ. ನಾನು ಸಂಗೀತ ವಿದ್ವಾಂಸನಲ್ಲ. ಕನ್ನಡ ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಪಾಠ ಹೇಳುತ್ತ ಬಂದವನು. ಆದರೆ ಮಾತಿನ ಕಸುಬಿನವನಿಗೆ ನಾದದ ವಿಚಾರ ತೀರ ಹೊರಗಿನದೇನಲ್ಲ.

ಶಿವಗಂಗೆಯ ಪಂಡಿತ

ಮೊದಲು ನಮ್ಮ ನೆರೆಯ ಒಂದು ಸಂಗತಿ. ಪೀಣ್ಯದ ಕಾರ್ಖಾನೆಗಳನ್ನು ದಾಟಿ ತುಮಕೂರಿನ ಹೆದ್ದಾರಿಯಲ್ಲಿ ಸಾಗಿ, ನೆಲಮಂಗಲದ ಆಚೆ ದಾಬಸ್‌ಪೇಟೆಯ ಬಳಿ ಎಡಕ್ಕೆ ತಿರುಗಿದರೆ ಶಿವಗಂಗೆಯ ಬೆಟ್ಟ. ಆ ಬೆಟ್ಟದ ಸಮೀಪದ ಊರಿನವನೆಂದು ತನ್ನನ್ನು ಹೇಳಿಕೊಂಡ ಪುಂಡರೀಕ ವಿಠ್ಠಲನು ಹದಿನಾರನೆಯ ಶತಮಾನದ ಸಂಗೀತಶಾಸ್ತ್ರಜ್ಞ. ದಕ್ಷಿಣದ ಶಾಸ್ತ್ರವನ್ನು ಕಲಿತು ಉತ್ತರಕ್ಕೆ ನಡೆದ ಆತನು ಖಾನ್‌ದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ವನ್ನು ರಚಿಸಿದನು, ಆಮೇಲೆ ರಾಜಪುತ್ರ ದೊರೆಗಳ ಆಶ್ರಯದಲ್ಲಿ ‘ರಾಗಮಂಜರಿ’ ಮೊದಲಾದ ಗ್ರಂಥಗಳನ್ನು ಬರೆದನು. ದಕ್ಷಿಣದ ವೀಣೆಯ ಮೇಳಕ್ರಮವನ್ನು ಬಲ್ಲ ಪಂಡಿತನೊಬ್ಬನು ಉತ್ತರದ ರಾಗಗಳನ್ನು ಕಿವಿಗೊಟ್ಟು ಕೇಳಿ, ಅವುಗಳಿಗೆ ಶಾಸ್ತ್ರದ ಚೌಕಟ್ಟನ್ನು ಒದಗಿಸಿದ ಸಾಹಸವಿದು.

ಇಂದು ಲಾರಿಗಳೂ ಬಸ್ಸುಗಳೂ ಎಡೆಬಿಡದೆ ಹರಿಯುವ ಈ ದಾರಿಯ ಕಡೆಯಿಂದಲೇ ನಾಲ್ಕು ಶತಮಾನಗಳಿಗೂ ಹಿಂದೆ ಒಬ್ಬ ಕನ್ನಡಿಗನು ಉಭಯ ಸಂಗೀತಗಳ ನಡುವಣ ಸೇತುವೆಯನ್ನು ಕಟ್ಟಲು ಹೊರಟನೆಂಬುದನ್ನು ನಮ್ಮ ಮಕ್ಕಳು ಅರಿತಿರಬೇಕು. ಲಿಂಗಾಯತ ಪರಂಪರೆಯಲ್ಲಿಯೂ ಈ ಶಾಸ್ತ್ರಕ್ಕೆ ಗೌರವದ ಸ್ಥಾನವಿತ್ತು. ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯಲ್ಲಿ ಸಕಲ ಶಾಸ್ತ್ರಗಳ ಸಾರವನ್ನು ಕನ್ನಡಕ್ಕೆ ತರುವಾಗ ಸಂಗೀತವನ್ನು ಕೈಬಿಡಲಿಲ್ಲ; ತಮ್ಮ ತತ್ತ್ವಪದಗಳಿಗೆ ರಾಗದ ಉಡುಗೆ ತೊಡಿಸಿದರು.

ನಾದಭೇದ

ಎರಡು ಪದ್ಧತಿಗಳಿಗೂ ಬೇರು ಒಂದೇ. ಸಪ್ತಸ್ವರಗಳು ಒಂದೇ, ಶ್ರುತಿ ಒಂದೇ, ರಾಗ ತಾಳಗಳೆಂಬ ಕಲ್ಪನೆ ಒಂದೇ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ವು ಇಬ್ಬರಿಗೂ ಪೂಜ್ಯ, ಅದಕ್ಕೆ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ವಿಜಯನಗರದವನು. ಆದರೂ ಒಂದೇ ರಾಗವನ್ನು ಇಬ್ಬರು ಹಾಡಿದರೆ ಎರಡು ಬೇರೆ ಲೋಕಗಳು ತೆರೆದುಕೊಳ್ಳುತ್ತವೆ.

ಭಾಷೆಯಿಂದ ಒಂದು ದೃಷ್ಟಾಂತ ಕೊಡಬಹುದು. ಸಂಸ್ಕೃತದಿಂದ ಬಂದ ‘ಉಪನ್ಯಾಸ’ ಎಂಬ ಶಬ್ದ ನಮ್ಮಲ್ಲಿ ಭಾಷಣ, ಹಿಂದಿಯಲ್ಲಿ ಕಾದಂಬರಿ. ‘ಶಿಕ್ಷಾ’ ಎಂದರೆ ಹಿಂದಿಯಲ್ಲಿ ವಿದ್ಯೆ. ನಮ್ಮ ತರಗತಿಯಲ್ಲಿ ‘ಶಿಕ್ಷೆ’ ಎಂದೊಡನೆ ಹುಡುಗರು ಬೆಂಚಿನ ಮೇಲೆ ನಿಲ್ಲಲು ಸಿದ್ಧರಾಗುತ್ತಾರೆ. ರಾಗಗಳ ಪಾಡೂ ಹೀಗೆಯೇ. ನಮ್ಮ ಹಿಂದೋಳವು ಅವರ ಮಾಲಕಂಸ್. ಅವರ ಹಿಂಡೋಲವೇ ಬೇರೆ. ನಮ್ಮ ಮೋಹನ ಅವರ ಭೂಪ್. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯ ಸ್ವರಗಳು; ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯ ಸ್ವರಗಳು. ಹೆಸರು ಒಂದಾದರೆ ರೂಪ ಬೇರೆ, ರೂಪ ಒಂದಾದರೆ ಹೆಸರು ಬೇರೆ.

ಸ್ವರಗಳು ಒಂದೇ ಆಗಿದ್ದರೂ ನಾದ ಏಕೆ ಬೇರೆಯಾಗುತ್ತದೆ? ಮೇಲೆ ಹೇಳಿದ ತೋಡಿ-ಭೈರವಿಗಳನ್ನೇ ಪರೀಕ್ಷಿಸೋಣ. ಕರ್ನಾಟಕ ಪದ್ಧತಿಯ ತೋಡಿಯಲ್ಲಿ ಗಾಂಧಾರವು ಒಂದು ಬಿಂದುವಿನಲ್ಲಿ ನಿಲ್ಲುವುದಿಲ್ಲ. ಅಕ್ಕಪಕ್ಕದ ಸ್ವರಗಳನ್ನು ಸ್ಪರ್ಶಿಸುತ್ತ ತೂಗುತ್ತದೆ. ಆ ತೂಗಾಟವೇ, ಎಂದರೆ ಗಮಕವೇ, ಆ ಸ್ವರದ ಸ್ವರೂಪ. ಅದನ್ನು ತೆಗೆದುಬಿಟ್ಟರೆ ತೋಡಿಯೇ ಉಳಿಯುವುದಿಲ್ಲ. ಹಿಂದೂಸ್ಥಾನೀ ಭೈರವಿಯಲ್ಲಿ ಅದೇ ಕೋಮಲ ಗಾಂಧಾರವು ನೇರವಾಗಿ, ಸ್ತಬ್ಧವಾಗಿ ನಿಂತು ತಂಬೂರಿಯ ಷಡ್ಜದೊಡನೆ ಬೆರೆಯಬಲ್ಲುದು. ಒಂದರಲ್ಲಿ ಸ್ವರವು ನಡೆಯುವ ದಾರಿ. ಇನ್ನೊಂದರಲ್ಲಿ ಅದು ನಿಲ್ಲುವ ನೆಲೆ. ಉತ್ತರದವರಲ್ಲಿ ಆಂದೋಲನ, ಮೀಂಡುಗಳು ಇಲ್ಲವೆಂದಲ್ಲ. ಭೈರವ್ ರಾಗದ ಋಷಭ ಧೈವತಗಳು ತೂಗಲೇಬೇಕು. ಆದರೆ ಅಲ್ಲಿ ನಿಲುಗಡೆಯ ಹಿನ್ನೆಲೆಯಲ್ಲಿ ತೂಗಾಟ ವಿಶೇಷವಾಗಿ ಕಾಣಿಸುತ್ತದೆ. ಇಲ್ಲಿ ತೂಗಾಟದ ನಡುವೆ ನಿಲುಗಡೆ ವಿಶೇಷವೆನಿಸುತ್ತದೆ.

ಎರಡನೆಯ ಭೇದ ಕಾಲದ ಬಳಕೆಯಲ್ಲಿದೆ. ವಿಲಂಬಿತ ಏಕತಾಳದ ಹನ್ನೆರಡು ಮಾತ್ರೆಗಳ ಒಂದು ಆವರ್ತನವನ್ನು ಹಿಂದೂಸ್ಥಾನೀ ಗಾಯಕರು ಸುಮಾರು ಒಂದು ನಿಮಿಷದವರೆಗೆ ಹಿಗ್ಗಿಸುವುದುಂಟು. ಮಂದ್ರದಲ್ಲಿ ಆರಂಭಿಸಿ ಒಂದೊಂದೇ ಸ್ವರವನ್ನು ತೆರೆಯುತ್ತ, ಒಂದೇ ರಾಗದಲ್ಲಿ ಒಂದು ಗಂಟೆ ವಿಹರಿಸುತ್ತಾರೆ. ಕೇಳುವವನು ಕಾಯಬೇಕು, ಕಾದ ಮೇಲೆ ಬರುವ ತಾರಷಡ್ಜಕ್ಕೆ ಆ ಕಾಯುವಿಕೆಯಿಂದಲೇ ಬೆಲೆ. ಕರ್ನಾಟಕ ಕಚೇರಿಯಲ್ಲಾದರೋ ವರ್ಣ, ಹಲವು ಕೃತಿಗಳು, ಒಂದು ವಿಸ್ತಾರವಾದ ರಾಗ, ತನಿ ಆವರ್ತನ, ದೇವರನಾಮ ಎಂದು ಎರಡೂವರೆ ಗಂಟೆಯಲ್ಲಿ ಅನೇಕ ರಾಗಗಳು ಬಂದುಹೋಗುತ್ತವೆ. ತಾಳವನ್ನು ಗಾಯಕನು ಕೈಯಲ್ಲಿ ಎಣಿಸಿ ತೋರಿಸುತ್ತಾನೆ. ಶ್ರೋತೃಗಳೂ ತೊಡೆಯ ಮೇಲೆ ಎಣಿಸುತ್ತ ಪಾಲುಗೊಳ್ಳುತ್ತಾರೆ. ಮೃದಂಗವು ಕೃತಿಯ ಏರಿಳಿತವನ್ನು ಅನುಸರಿಸಿ ಅದರೊಡನೆ ಮಾತನಾಡುತ್ತದೆ; ತಬಲವು ಠೇಕಾ ಹಿಡಿದು ಗಾಯಕನಿಗೆ ನೆಲವನ್ನು ಒದಗಿಸುತ್ತದೆ.

ವಾದ್ಯಗಳ ಮೈಯಲ್ಲಿಯೂ ಈ ಭೇದವುಂಟು. ಮಿರಜಿನ ತಂಬೂರಿಗೆ ದೊಡ್ಡ ಸೋರೆಯ ಬುರುಡೆ. ದಕ್ಷಿಣದ ತಂಬೂರಿಗೆ ಹಲಸಿನ ಮರದ ಕೊಡ. ಒಂದರ ಝೇಂಕಾರ ಹರಡಿಕೊಳ್ಳುತ್ತದೆ, ಇನ್ನೊಂದರದು ಒತ್ತಾಗಿ ಕೂಡಿಕೊಳ್ಳುತ್ತದೆ.

ರಸಭೇದ

ಇನ್ನು ಭಾವದ ಮಾತು. ಇಲ್ಲಿ ನಮ್ಮ ಅಲಂಕಾರಶಾಸ್ತ್ರ ನೆರವಿಗೆ ಬರುತ್ತದೆ. ಕರ್ನಾಟಕ ಸಂಗೀತದಲ್ಲಿ ಹಾಡಿನ ಮಾತಿಗೆ ‘ಸಾಹಿತ್ಯ’ವೆಂದೇ ಹೆಸರು. ಸಹಿತವಾಗಿರುವುದು, ಕೂಡಿಕೊಂಡಿರುವುದು ಸಾಹಿತ್ಯ. ಕೃತಿಯಲ್ಲಿ ಪಲ್ಲವಿ, ಅನುಪಲ್ಲವಿ, ಚರಣಗಳೆಂಬ ಅಂಗಗಳಿದ್ದು, ಭಕ್ತನು ದೇವರೊಡನೆ ಆಡುವ ಮಾತು ಸ್ಪಷ್ಟವಾಗಿರುತ್ತದೆ. ಅದೇ ಸಾಲನ್ನು ಸಂಗತಿಗಳಲ್ಲಿ ಬಗೆಬಗೆಯಾಗಿ ಹಾಡಿದಾಗ ಒಂದೇ ಪ್ರಶ್ನೆ ಒಮ್ಮೆ ಬೇಡಿಕೆಯಾಗಿ, ಒಮ್ಮೆ ಆಕ್ಷೇಪಣೆಯಾಗಿ, ಒಮ್ಮೆ ಸಲುಗೆಯಾಗಿ ಕೇಳಿಸುತ್ತದೆ. ಇಲ್ಲಿ ರಸವು ವಾಚ್ಯಾರ್ಥವನ್ನು ಆಧಾರವಾಗಿಟ್ಟುಕೊಂಡು ಬೆಳೆಯುತ್ತದೆ. ಕೇಳುಗನು ಒಂದು ಸಂಭಾಷಣೆಗೆ ಸಾಕ್ಷಿಯಾಗಿರುತ್ತಾನೆ.

ಖ್ಯಾಲಿನ ಬಂದಿಶ್‌ಗೆ ಸ್ಥಾಯಿ, ಅಂತರಾ ಎಂಬ ಎರಡು ಕಿರಿಯ ಭಾಗಗಳು. ಮಾತು ಕೆಲವೇ ಸಾಲು. ಅದೂ ವಿಸ್ತಾರದಲ್ಲಿ ಕರಗಿ ಆಕಾರವಾಗಿಬಿಡುತ್ತದೆ. ಮಾತು ಹಿಂದೆ ಸರಿದ ಸ್ಥಳದಲ್ಲಿ ಧ್ವನಿ ಮುಂದೆ ಬರುತ್ತದೆ. ಆನಂದವರ್ಧನನು ಹೇಳಿದ ವ್ಯಂಜನಾವ್ಯಾಪಾರವನ್ನು ಇಲ್ಲಿ ಕಿವಿಯಿಂದಲೇ ಅರಿಯಬಹುದು. ಇಂತಹುದೇ ದುಃಖ, ಇಂತಹುದೇ ಹರ್ಷ ಎಂದು ಹೆಸರಿಡಲಾಗದ ಒಂದು ಭಾವ ಕೇಳುಗನನ್ನು ಆವರಿಸುತ್ತದೆ. ಅವನು ಸಾಕ್ಷಿಯಾಗಿರದೆ ತನ್ನೊಳಗೆ ತಾನೇ ಒಂಟಿಯಾಗುತ್ತಾನೆ. ರಾಗಗಳಿಗೆ ಸಮಯನಿಯಮವನ್ನು ಉತ್ತರದವರು ಇಂದಿಗೂ ನಿಷ್ಠೆಯಿಂದ ಪಾಲಿಸುವುದಕ್ಕೂ ಇದೇ ಕಾರಣವಿದ್ದೀತು: ಮಾತಿನ ಆಧಾರ ಕಡಿಮೆಯಾದಲ್ಲಿ ಬೆಳಗು ಬೈಗುಗಳು ಭಾವಕ್ಕೆ ಆಧಾರವಾಗುತ್ತವೆ.

ಆದ್ದರಿಂದ ಬುದ್ಧಿ-ಹೃದಯಗಳ ವಿಭಜನೆಯನ್ನು ಬಿಟ್ಟು ಹೀಗೆ ಹೇಳುವುದು ಯುಕ್ತ: ಒಂದು ಮಾರ್ಗದಲ್ಲಿ ಮಾತು ನಾದದ ಕೈ ಹಿಡಿದು ನಡೆಸುತ್ತದೆ, ಇನ್ನೊಂದರಲ್ಲಿ ನಾದವು ಮಾತನ್ನು ಬೀಳ್ಕೊಟ್ಟು ಮುಂದೆ ನಡೆಯುತ್ತದೆ. ಭೇದದ ಮೂಲ ಇದು. ಗಮಕ, ಲಯ, ವಾದ್ಯ ಎಲ್ಲವೂ ಇದನ್ನೇ ಅನುಸರಿಸಿವೆ.

ವಚನವೆಂಬ ಒರೆಗಲ್ಲು

ಈ ಸಿದ್ಧಾಂತವನ್ನು ಒರೆಗೆ ಹಚ್ಚಲು ಕನ್ನಡದಲ್ಲಿ ವಚನಕ್ಕಿಂತ ಉತ್ತಮವಾದ ಕಲ್ಲು ಇಲ್ಲ. ವಚನಕ್ಕೆ ಮಾತ್ರಾಗಣವಿಲ್ಲ, ಪ್ರಾಸನಿಯಮವಿಲ್ಲ, ತಾಳವಿಲ್ಲ. ತಾಳಮಾನಗಳ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಇಂಥ ಗದ್ಯಲಯದ ರಚನೆಯನ್ನು ಹಾಡುವವನು ಏನು ಮಾಡಬೇಕು?

ಉತ್ತರ ಕರ್ನಾಟಕದ ಗಾಯಕರು ಇದಕ್ಕೆ ಒಂದು ಉತ್ತರವನ್ನು ಕಂಡುಕೊಂಡರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (1892-1944) ಎರಡೂ ಪದ್ಧತಿಗಳನ್ನು ಅಭ್ಯಾಸ ಮಾಡಿದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಅನಾಥ ಮಕ್ಕಳಿಗೂ ಅವರು ನೀಡಿದ ವಿದ್ಯೆಯನ್ನು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ಮುಂದುವರಿಸಿದರು. ಬಸವರಾಜ ರಾಜಗುರುಗಳೂ ಪಂಚಾಕ್ಷರ ಗವಾಯಿಗಳ ಶಿಷ್ಯರೇ. ಮಲ್ಲಿಕಾರ್ಜುನ ಮನಸೂರರು (1910-1992) ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನೂ, ಬಳಿಕ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ, ಆಮೇಲೆ ಮಂಜಿಖಾನ್, ಭೂರ್ಜಿಖಾನರಲ್ಲಿ ಜಯಪುರ-ಅತ್ರೌಲಿ ಘರಾಣೆಯನ್ನೂ ಕಲಿತರು. ಅವರು ವಚನವನ್ನು ಹಾಡಿದಾಗ ಮಾತಿಗೂ ಮಾತಿಗೂ ನಡುವೆ ಮೌನಕ್ಕೆ ಜಾಗ ಸಿಕ್ಕಿತು. ಒಂದು ಶಬ್ದವನ್ನು ಉಚ್ಚರಿಸಿ, ಅದು ಕೇಳುಗನೊಳಗೆ ಇಳಿಯುವವರೆಗೆ ಸ್ವರದಲ್ಲಿ ನಿಂತು, ಅನಂತರ ಮುಂದಿನ ಶಬ್ದಕ್ಕೆ ಹೋಗುವ ಕ್ರಮ ಅದು.

ಹಳೆಯ ಮೈಸೂರಿನ ಕಡೆ ವಚನವು ಕಚೇರಿಯ ಕೊನೆಯ ಭಾಗದಲ್ಲಿ, ಉಗಾಭೋಗದಂತೆ ತಾಳವಿಲ್ಲದೆ ರಾಗಮಾಲಿಕೆಯಲ್ಲಿಯೋ, ಆದಿ ಮುಂತಾದ ತಾಳಗಳಿಗೆ ಅಳವಡಿಸಿದ ಹಾಡಾಗಿಯೋ ಬರುತ್ತದೆ. ಅಲ್ಲಿ ಉಚ್ಚಾರದ ಸ್ಫುಟತೆ, ಅರ್ಥದ ನಿಲುಕು ಹೆಚ್ಚು. ಕುಮಾರವ್ಯಾಸ, ಲಕ್ಷ್ಮೀಶರನ್ನು ರಾಗವಾಗಿ ಓದುವ ಗಮಕಕಲೆಯ ಸಂಸ್ಕಾರ ಆ ಕಡೆಯ ಗಾಯಕರ ಬೆನ್ನಿಗಿದೆ.

ಎರಡರಲ್ಲಿಯೂ ದೋಷ ಬರಬಹುದು. ಭಾಷಾಧ್ಯಾಪಕನಾಗಿ ಅದನ್ನು ಹೇಳದಿರಲಾರೆ. ಸ್ವರದ ಮೋಹಕ್ಕೆ ಸಿಕ್ಕಿ ಪದವನ್ನು ಅಸ್ಥಾನದಲ್ಲಿ ಮುರಿಯುವುದು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡುವುದು, ಳಕಾರವನ್ನು ಲಕಾರವಾಗಿಸುವುದು ಉತ್ತರದ ಶೈಲಿಯಲ್ಲಿ ಸುಲಭವಾಗಿ ಸಂಭವಿಸುವ ದೋಷ. ತಾಳದ ಮನೆಗೆ ಸರಿಹೊಂದಿಸಲು ಹ್ರಸ್ವವನ್ನು ದೀರ್ಘಮಾಡುವುದು, ಮಾತನ್ನು ಅವಸರಪಡಿಸುವುದು ದಕ್ಷಿಣದ ಶೈಲಿಯಲ್ಲಿ ಸುಲಭವಾಗಿ ಬರುವ ದೋಷ. ಇವೆರಡಕ್ಕಿಂತ ದೊಡ್ಡ ದೋಷವೊಂದು ಇಬ್ಬರಲ್ಲಿಯೂ ಇದೆ: ವಚನದ ಮೊದಲ ಸಾಲನ್ನು ಪಲ್ಲವಿಯಾಗಿಯೋ ಸ್ಥಾಯಿಯಾಗಿಯೋ ಮಾಡಿ, ಪ್ರತಿ ಭಾಗದ ಬಳಿಕ ಅಲ್ಲಿಗೇ ಮರಳುವುದು. ವಚನವು ಮುಂದಕ್ಕೆ ಸಾಗುವ ರಚನೆ. ಅದರ ಬಲವೆಲ್ಲ ಬಹುಪಾಲು ಕೊನೆಯ ತಿರುವಿನಲ್ಲಿ, ಅಂಕಿತದ ಬಳಿ ಇರುತ್ತದೆ. ಪಲ್ಲವಿಯು ಹಿಂದಕ್ಕೆ ಕರೆಯುವ ರಚನೆ. ಬಿಟ್ಟ ಬಾಣವನ್ನು ನಡುದಾರಿಯಿಂದ ಮೂರು ಸಲ ಹಿಂದಕ್ಕೆ ಕರೆದರೆ ಗುರಿಯ ಗತಿಯೇನು? ವಚನದ ಬೆಳವಣಿಗೆಯನ್ನು ಅರಿತ ಗಾಯಕನು ಯಾವ ಪದ್ಧತಿಯವನಾದರೂ ಕೊನೆಯ ಸಾಲಿಗಾಗಿ ತನ್ನ ಶಕ್ತಿಯನ್ನು ಕಾಯ್ದಿಟ್ಟುಕೊಳ್ಳುತ್ತಾನೆ.

ಹೀಗೆ, ವಚನವು ಸ್ಫುಟತೆಯನ್ನೂ ಬೇಡುತ್ತದೆ, ಮೌನವನ್ನೂ ಬೇಡುತ್ತದೆ. ಒಂದನ್ನು ದಕ್ಷಿಣ ಮಾರ್ಗದಿಂದ, ಇನ್ನೊಂದನ್ನು ಉತ್ತರ ಮಾರ್ಗದಿಂದ ಕಲಿಯಬಹುದು. ಒಂದೇ ಮಾರ್ಗವನ್ನು ಕೇಳಿ ಬೆಳೆದ ಕನ್ನಡಿಗನು ತನ್ನ ಸಾಹಿತ್ಯದ ಅರ್ಧವನ್ನು ಮಾತ್ರ ಕೇಳಿರುತ್ತಾನೆ.

ಪಶ್ಚಿಮದಿಂದ ಒಂದು ಪಾಠ

ನಾದಭೇದದಿಂದ ರಸಭೇದವಾಗುವುದು ನಮ್ಮಲ್ಲಿ ಮಾತ್ರವಲ್ಲ. ಯೂರೋಪಿನ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲವನ್ನು ಬರೋಕ್ ಯುಗವೆಂದೂ, ಅಲ್ಲಿಂದ ಸುಮಾರು 1820ರವರೆಗಿನ ಕಾಲವನ್ನು ಕ್ಲಾಸಿಕಲ್ ಯುಗವೆಂದೂ ಕರೆಯುತ್ತಾರೆ. ಬಾಖ್ (1685-1750) ಮೊದಲನೆಯದರ ಶಿಖರ. ಹೈಡನ್ (1732-1809), ಮೋಟ್ಸಾರ್ಟ್ (1756-1791) ಎರಡನೆಯದರ ಪ್ರತಿನಿಧಿಗಳು. ಬರೋಕ್ ಸಂಗೀತದಲ್ಲಿ ಹಲವು ಸ್ವರಧಾರೆಗಳು ಸಮಾನ ಗೌರವದಿಂದ ಒಂದರೊಳಗೊಂದು ಹೆಣೆದುಕೊಂಡು, ಕೆಳಗೆ ಮಂದ್ರದ ಧಾರೆಯೊಂದು ಬಿಡದೆ ಹರಿಯುತ್ತದೆ. ಒಂದು ಭಾಗದ ಆದಿಯಿಂದ ಅಂತ್ಯದವರೆಗೆ ಸಾಮಾನ್ಯವಾಗಿ ಒಂದೇ ಭಾವ. ನಮ್ಮ ಪರಿಭಾಷೆಯಲ್ಲಿ ಸ್ಥಾಯಿಭಾವಕ್ಕೆ ಪ್ರಾಧಾನ್ಯ. ಕ್ಲಾಸಿಕಲ್ ಸಂಗೀತದಲ್ಲಿ ಒಂದು ರಾಗಧಾರೆ ಮೇಲೆ ನಿಂತು ಉಳಿದುವು ಅದನ್ನು ಹೊರುತ್ತವೆ. ಸಾಲುಗಳು ತೂಗಿನೋಡಿದಂತೆ ಸಮವಾಗಿರುತ್ತವೆ. ಒಂದೇ ಭಾಗದೊಳಗೆ ಉತ್ಸಾಹ, ವಿಷಾದ, ಚಾಪಲ್ಯಗಳು ಸಂಚಾರಿಭಾವಗಳಂತೆ ಬಂದುಹೋಗುತ್ತವೆ.

ಇದಕ್ಕೆ ವಾದ್ಯವೂ ಒಂದು ಕಾರಣ. ಬರೋಕ್ ಕಾಲದ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ಗರಿಯ ಮೊನೆ ತಂತಿಯನ್ನು ಮೀಟುತ್ತದೆ. ಮೆಲ್ಲನೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದಿನಲ್ಲಿ ಹೆಚ್ಚು ಅಂತರವಿಲ್ಲ. ಪಿಯಾನೋದಲ್ಲಿ ಪುಟ್ಟ ಸುತ್ತಿಗೆ ತಂತಿಗೆ ಬಡಿಯುವುದರಿಂದ ಬೆರಳಿನ ಒತ್ತಡದಂತೆ ಸದ್ದು ಏರಿಳಿಯುತ್ತದೆ. ವಾದ್ಯ ಬದಲಾದಾಗ ಭಾವವನ್ನು ನುಡಿಸುವ ಬಗೆಯೂ ಬದಲಾಯಿತು.

ನಮ್ಮ ಎರಡು ಪದ್ಧತಿಗಳನ್ನು ಅವರ ಎರಡು ಯುಗಗಳಿಗೆ ಜೋಡಿಸುವುದು ನನ್ನ ಉದ್ದೇಶವಲ್ಲ. ಅವು ಹಾಗೆ ಜೋಡಿಯಾಗುವುದೂ ಇಲ್ಲ. ಕಲಿಯಬೇಕಾದ ಪಾಠ ಬೇರೆ. ಯೂರೋಪಿನಲ್ಲಿ ಎರಡು ಶೈಲಿಗಳು ಒಂದರ ಬಳಿಕ ಒಂದು ಬಂದುವು. ಹೊಸದು ಬಂದಾಗ ಹಳೆಯದು ಜಟಿಲವೆಂದು, ಕಾಲಕ್ಕೆ ಒಗ್ಗದೆಂದು ಮೂಲೆಗುಂಪಾಯಿತು. ಬಾಖನ ಹಿರಿಯ ಗಾನಕೃತಿಗಳು ಸಾರ್ವಜನಿಕ ಸಭೆಗಳಲ್ಲಿ ಬಹುಮಟ್ಟಿಗೆ ಕೇಳಿಬರದಾದುವು. 1829ರಲ್ಲಿ ಇಪ್ಪತ್ತು ವರ್ಷದ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಬಾಖನ ಸಂತ ಮತ್ತಾಯನ ಗಾನಕೃತಿಯನ್ನು ಮತ್ತೆ ಹಾಡಿಸಿದಾಗ ಜನ ಬೆರಗಾದರು. ಹಾಗೆ ಮರಳಿ ಪಡೆಯಲು ಸಾಧ್ಯವಾದುದು ಅವರಲ್ಲಿ ಕೃತಿಯು ಸ್ವರಲಿಪಿಯಲ್ಲಿ ಬರೆದಿಟ್ಟಿದ್ದರಿಂದ. ನಮ್ಮ ವಿದ್ಯೆ ಗುರುಮುಖದ ವಿದ್ಯೆ. ಸ ರಿ ಗ ಮ ಎಂದು ಬರೆಯಬಹುದು. ತೋಡಿಯ ಗಾಂಧಾರ ತೂಗುವ ಪರಿಯನ್ನು ಯಾರು ಬರೆದಾರು? ಧ್ವನಿಮುದ್ರಿಕೆಗಳು ಇವೆ, ನಿಜ. ಆದರೆ ಅವು ತಪ್ಪಿದ ವಿದ್ಯಾರ್ಥಿಯನ್ನು ತಿದ್ದಲಾರವು. ನಮ್ಮಲ್ಲಿ ಒಂದು ಮಾರ್ಗ ಮರೆತುಹೋದರೆ ಶತಮಾನದ ಬಳಿಕ ಅಗೆದು ತೆಗೆಯಲು ಏನೂ ಉಳಿದಿರುವುದಿಲ್ಲ.

ಅವರಿಗೆ ಕಾಲಾನುಕ್ರಮದಲ್ಲಿ ಬಂದುದು ನಮಗೆ ಏಕಕಾಲದಲ್ಲಿ, ಒಂದೇ ನಾಡಿನಲ್ಲಿ ದೊರೆತಿದೆ. ಆ ಭಾಗ್ಯವನ್ನು ಹಿರಿಯರು ಅರಿತಿದ್ದರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಬಂದುಹೋಗುತ್ತ ದಕ್ಷಿಣದ ಸಂಗೀತವನ್ನು ಗೌರವದಿಂದ ಆಲಿಸಿದರು. ತ್ಯಾಗರಾಜರ ಕೃತಿಯೊಂದನ್ನು ಧ್ವನಿಮುದ್ರಿಕೆಗೆ ಹಾಡಿದರು. ಗಂಗೂಬಾಯಿ ಹಾನಗಲ್ಲರ (1913-2009) ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ದಕ್ಷಿಣದ ಹಂಸಧ್ವನಿ, ಕೀರವಾಣಿ, ಚಾರುಕೇಶಿಗಳು ಉತ್ತರಕ್ಕೆ ಹೋದುವು. ಉತ್ತರದ ದೇಶ್, ಬೇಹಾಗ್‌ಗಳು ನಮ್ಮ ಕಚೇರಿಗಳಿಗೆ ಬಂದುವು. ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ಜಯಚಾಮರಾಜೇಂದ್ರ ಒಡೆಯರು (1919-1974) ಪಾಶ್ಚಾತ್ಯ ಸಂಗೀತದಲ್ಲಿಯೂ ನಿಷ್ಣಾತರಾಗಿದ್ದು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ಅನ್ಯವನ್ನು ಆಲಿಸಿದ್ದರಿಂದ ಇವರಾರ ಸ್ವಂತಿಕೆಯೂ ಸವೆಯಲಿಲ್ಲ.

ನಮ್ಮ ಶಾಲೆಯ ಕರ್ತವ್ಯ

ಈಗ ಪ್ರಕೃತಕ್ಕೆ ಬರೋಣ. ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದು ನೋಡಿದರೆ ಇಡೀ ಕರ್ನಾಟಕದ ಭೂಪಟವೇ ಅಲ್ಲಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲು ಹಾವೇರಿ, ಗದಗ, ರಾಯಚೂರು, ಕಲಬುರಗಿಗಳಿಂದ ಬಂದ ಕುಟುಂಬಗಳ ಮಕ್ಕಳೂ, ಮಂಡ್ಯ, ತುಮಕೂರು, ಕೋಲಾರಗಳ ಕಡೆಯ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತಿದ್ದಾರೆ. ಒಬ್ಬನ ಅಜ್ಜ ಭಜನೆಯಲ್ಲಿ ಭೂಪವನ್ನು ಹಾಡಿದವನು, ಇನ್ನೊಬ್ಬಳ ಅಜ್ಜಿ ಮೋಹನದಲ್ಲಿ ದೇವರನಾಮ ಹೇಳಿದವಳು. ಎರಡೂ ಒಂದೇ ಸ್ವರಗಳೆಂದು ಆ ಮಕ್ಕಳಿಗೆ ತಿಳಿಸುವವರು ಯಾರು? ಇಂಥ ಸಂಗಮ ಧಾರವಾಡದಲ್ಲಿಯೂ ಮೈಸೂರಿನಲ್ಲಿಯೂ ಇಷ್ಟು ಸಹಜವಾಗಿ ಒದಗಲಾರದು. ಈ ಕೈಗಾರಿಕಾ ಪ್ರದೇಶದಲ್ಲಿ ಅನಾಯಾಸವಾಗಿ ಒದಗಿದೆ.

ಆದರೆ ಅನೇಕ ಶಾಲೆಗಳಲ್ಲಿ ಈಗ ಕಾಣುವುದೇನು? ಸಂಗೀತದ ಅವಧಿ ಪರೀಕ್ಷೆಯ ಹತ್ತಿರ ಗಣಿತಕ್ಕೆ ಹೋಗುತ್ತದೆ. ಪರೀಕ್ಷೆ ಮುಗಿದ ಬಳಿಕವೂ ಮರಳುವುದಿಲ್ಲ. ಬೆಳಗಿನ ಪ್ರಾರ್ಥನೆಯನ್ನು ಮಕ್ಕಳು ಹಾಡುವ ಬದಲು ಧ್ವನಿವರ್ಧಕ ಹಾಡುತ್ತದೆ, ಮಕ್ಕಳು ತುಟಿಯಾಡಿಸುತ್ತಾರೆ. ವಾರ್ಷಿಕೋತ್ಸವಕ್ಕೆ ವಿದ್ಯುತ್ ಕೀಬೋರ್ಡು ಬರುತ್ತದೆ. ಅದರ ಮೇಲೆ ದ್ವೇಷವೇನಿಲ್ಲ. ಆದರೆ ಅದರ ಮನೆಗಳು ಸ್ಥಿರ. ಒಂದು ಮನೆಯಿಂದ ಇನ್ನೊಂದಕ್ಕೆ ಜಾರಲು ದಾರಿಯಿಲ್ಲ. ತೋಡಿಯ ಗಾಂಧಾರವಾಗಲಿ ಭೈರವದ ಋಷಭವಾಗಲಿ ಶಾಲೆಗಳಲ್ಲಿ ಕಾಣುವ ಸಾಮಾನ್ಯ ಕೀಬೋರ್ಡಿನಲ್ಲಿ ಹುಟ್ಟುವುದಿಲ್ಲ. ಇದೇ ಬಗೆಯ ಆಕ್ಷೇಪಣೆಯಿಂದ ಆಕಾಶವಾಣಿಯು ಹಾರ್ಮೋನಿಯಮ್ಮನ್ನು 1940ರಿಂದ 1971ರವರೆಗೆ ದೂರವಿಟ್ಟಿತ್ತು. ಆ ನಿಷೇಧ ಅತಿಯಾಯಿತೆನ್ನೋಣ. ಆಕ್ಷೇಪಣೆಯ ತಿರುಳು ಮಾತ್ರ ಸುಳ್ಳಲ್ಲ. ಕೀಬೋರ್ಡನ್ನೇ ಗುರುವಾಗಿ ಪಡೆದ ಕಿವಿಗೆ ಎರಡು ಮಾರ್ಗಗಳ ನಾದಭೇದವೂ ಕೇಳಿಸುವುದಿಲ್ಲ, ಎರಡೂ ಒಂದೇ ಆಗಿಬಿಡುತ್ತವೆ.

ಇಲ್ಲಿ ಎರ‍ಡು ಆಕ್ಷೇಪಗಳು ಬರಬಹುದು. ಎರಡು ಪದ್ಧತಿಗಳನ್ನು ಒಟ್ಟಿಗೆ ಕೊಟ್ಟರೆ ಮಕ್ಕಳು ಗೊಂದಲಕ್ಕೆ ಬೀಳುವುದಿಲ್ಲವೆ ಎಂಬುದು ಒಂದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ: ಕಲಿಕೆ ಒಂದಿರಲಿ, ಕೇಳ್ಮೆ ಎರಡಿರಲಿ. ಗಂಟಲಿಗೆ ಒಂದೇ ಗುರುವಿನ ಶಿಕ್ಷಣ ಸಾಕು. ಕಿವಿಗೆ ಎರಡೂ ಬೇಕು. ಕಾರ್ಖಾನೆಗಳ ನಡುವೆ ಬೆಳೆಯುವ ಮಕ್ಕಳಿಗೆ ಜೀವನೋಪಾಯದ ವಿದ್ಯೆ ಸಾಲದೆ, ಈ ಹಾಡು ಏಕೆ ಎಂಬುದು ಇನ್ನೊಂದು. ಹಾಡಿದರೆ ಅಂಕ ಹೆಚ್ಚುತ್ತದೆಂದು ನಾನು ಹೇಳಲಾರೆ. ಆದರೆ ಲೇತು ಯಂತ್ರಗಳ ಸದ್ದಿನಲ್ಲಿ, ಹೆದ್ದಾರಿಯ ಗದ್ದಲದಲ್ಲಿ ದಿನವೆಲ್ಲ ಇರುವವನು ಕಿವಿಯನ್ನು ಮುಚ್ಚಿಕೊಳ್ಳುವುದನ್ನೇ ಮೊದಲು ಕಲಿಯುತ್ತಾನೆ. ಮುಚ್ಚಿದ ಕಿವಿ ಯಂತ್ರಕ್ಕೆ ಮಾತ್ರ ಮುಚ್ಚಿರುವುದಿಲ್ಲ. ಪಾಠಕ್ಕೂ, ನೆರೆಯವರ ಕಷ್ಟಕ್ಕೂ ಮುಚ್ಚುತ್ತದೆ. ಆಲಿಸುವುದನ್ನು ಕಲಿಸುವ ವಿದ್ಯೆ ಇಂಥ ಕಡೆಯೇ ಹೆಚ್ಚು ಅಗತ್ಯ.

ಆದುದರಿಂದ ಈ ಸಂಚಿಕೆಯ ಮೂಲಕ ನನ್ನ ವಿಜ್ಞಾಪನೆ ಇಷ್ಟು. ಅಧ್ಯಾಪಕ ಬಂಧುಗಳು ವಾರಕ್ಕೆ ಒಂದು ಅವಧಿಯನ್ನಾದರೂ ಕೇಳ್ಮೆಗೆಂದು ಮೀಸಲಿಡಲಿ. ಅದನ್ನು ಯಾವ ಪರೀಕ್ಷೆಯೂ ಕಸಿಯದಿರಲಿ. ಒಂದು ವಾರ ಮೋಹನ, ಮರುವಾರ ಭೂಪ್. ಒಂದು ವಾರ ಕಲ್ಯಾಣಿ, ಮರುವಾರ ಯಮನ್. ಒಂದು ವಾರ ಹಿಂದೋಳ, ಮರುವಾರ ಮಾಲಕಂಸ್. ತಿಂಗಳ ಕೊನೆಗೆ ಒಂದೇ ವಚನವನ್ನು ಎರಡು ಮಾರ್ಗಗಳಲ್ಲಿಯೂ ಕೇಳಿಸಿ, ಯಾವುದರಲ್ಲಿ ಮಾತು ತಿಳಿಯಿತು, ಯಾವುದರಲ್ಲಿ ಮೌನ ಕೇಳಿಸಿತು ಎಂದು ಮಕ್ಕಳನ್ನೇ ಕೇಳಲಿ. ಯಾವುದು ಮೇಲು ಎಂದು ಮಾತ್ರ ಕೇಳದಿರಲಿ. ಪ್ರಾರ್ಥನೆಯನ್ನು ಧ್ವನಿವರ್ಧಕದಿಂದ ಮಕ್ಕಳ ಕಂಠಕ್ಕೆ ಮರಳಿಸಲಿ. ಸ್ವಲ್ಪ ಅಪಸ್ವರವಾದರೂ ಚಿಂತೆಯಿಲ್ಲ.

ಹಳೆಯ ವಿದ್ಯಾರ್ಥಿಗಳು ಹಲವರು ಇಂದು ಈ ಪ್ರದೇಶದ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ಒಳ್ಳೆಯ ಸ್ಥಾನದಲ್ಲಿದ್ದಾರೆ. ದಾನಿಗಳು ಫ್ಯಾನು, ಬೀರು, ಬೆಂಚುಗಳನ್ನು ಕೊಟ್ಟಿದ್ದಾರೆ. ಅವುಗಳ ಮೇಲಿರುವ ಹೆಸರುಗಳನ್ನು ನಾವು ದಿನವೂ ಕೃತಜ್ಞತೆಯಿಂದ ಓದುತ್ತೇವೆ. ಇನ್ನು ಮುಂದೆ ಕೊಡುವವರು ಮಿರಜಿನದೊಂದು, ದಕ್ಷಿಣದ್ದೊಂದು, ಹೀಗೆ ಎರಡು ತಂಬೂರಿಗಳನ್ನೂ, ಒಬ್ಬ ಸಂಗೀತ ಅಧ್ಯಾಪಕರ ಸಂಬಳಕ್ಕೆ ಒಂದು ನಿಧಿಯನ್ನೂ ಕುರಿತು ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ. ತಂಬೂರಿಯ ಮೇಲೆ ಹೆಸರನ್ನು ಕೆತ್ತಿಸಲು ಅಷ್ಟೇನೂ ಸ್ಥಳವಿರುವುದಿಲ್ಲ, ನಿಜ. ಆದರೆ ಅದನ್ನು ಶ್ರುತಿ ಮಾಡಿ ಹಾಡುವ ಪ್ರತಿಯೊಂದು ಮಗುವಿನ ಕಂಠದಲ್ಲಿಯೂ ದಾನಿಯ ಪುಣ್ಯ ಉಳಿಯುತ್ತದೆ.

ಪುಂಡರೀಕ ವಿಠ್ಠಲನು ಎರಡು ಸಂಗೀತಗಳನ್ನು ಅರಿಯಲು ಶಿವಗಂಗೆಯಿಂದ ಬಹುದೂರ ನಡೆಯಬೇಕಾಯಿತು. ನಮ್ಮ ಮಕ್ಕಳು ಒಂದು ತರಗತಿಯಿಂದ ಇನ್ನೊಂದಕ್ಕೆ ನಡೆದರೆ ಸಾಕು. ಆ ತರಗತಿಯ ಬಾಗಿಲನ್ನು ತೆರೆದಿಡುವುದು ಹಿರಿಯರಾದ ನಮ್ಮೆಲ್ಲರ ಹೊಣೆ.